ತುಂಡುಗೆರೆಯ ಗೋಪುರ

ಹೊಸ ಕಟ್ಟಡದೊಳಗೆ ಕಾಲಿಟ್ಟರೆ ನಾವು ದೀಪ ನೋಡುತ್ತೇವೆ, ನೆಲ ನೋಡುತ್ತೇವೆ. ನಮ್ಮ ಆಫೀಸಿನ ಅಕ್ಕಾರು ಮೊದಲು ಮೇಲೆ ನೋಡುತ್ತಿದ್ದರು. ಒಮ್ಮೆ ನಮ್ಮ ಎರಡೂ ಮನೆಯವರು ಕುವೈತಿನ ರಾಯ್ ಬಡಾವಣೆಯ ಒಂದು ಶೋರೂಮಿಗೆ ಹೋಗಿದ್ದೆವು, ನನ್ನ ಮಗಳಿಗೆ ಓದುವ ಮೇಜು ಕೊಳ್ಳಲು. ಎಲ್ಲರೂ ಮೇಜುಗಳ ನಡುವೆ ಅಡ್ಡಾಡುತ್ತಿದ್ದರೆ ಇವರು ಬಾಗಿಲಲ್ಲೇ ಕತ್ತೆತ್ತಿ ನಿಂತುಬಿಟ್ಟಿದ್ದರು.

"ಏನ್ ನೋಡಾಕತ್ತೀರಿ ಅಕ್ಕಾರ?" ಎಂದೆ.

"ಇಷ್ಟು ಅಗಲದ ಮಾಡನ್ನು ಯಾರ ಹೆಗಲಿಗೆ ಹೊರಿಸಿದ್ದಾರೆ ಅಂತ ನೋಡ್ತಾ ಇದ್ದೇನೆ."

ನನ್ನ ಮಗಳು ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ಅವಳು ಕೂಡ ಕತ್ತೆತ್ತಿ ನೋಡಿದಳು. ಇಬ್ಬರೂ ಸೇರಿ ಚಾವಣಿಯ ಉಕ್ಕಿನ ತೊಲೆಗಳು ಯಾವ ಗೋಡೆಗೆ ಹೋಗಿ ಕೂತಿವೆ ಎಂದು ಹುಡುಕಿದರು. ಮೇಜು ಕೊಂಡದ್ದು ನಾನೂ ನನ್ನ ಹೆಂಡತಿಯೂ.

ಶುವೈಖಿನಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನಾನು ಬಾಗಲಕೋಟೆ ಕಡೆಯವನು, ಕಂಬ ತೊಲೆಗಳ ಲೆಕ್ಕ ಮಾಡುವ ಎಂಜಿನಿಯರು. ಅವರು ಉಡುಪಿ ಕಡೆಯ ಒಂದು ಹಳ್ಳಿಯವರು, ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮ್ಯಾನ್. ಹೆಂಗಸಾದ ಮೇಲೆ ಅದು 'ಮ್ಯಾನ್' ಹೇಗಾಗುತ್ತದೆ ಎಂದು ಯಾರೋ ತಮಾಷೆ ಮಾಡಿದ್ದಕ್ಕೆ, ವಾಸದ ಪರವಾನಗಿ ಕಾರ್ಡು ತೋರಿಸಿ, "ಇಕಾಮಾದಲ್ಲಿ ಹಾಗೇ ಬರೆದಿದ್ದಾರೆ, ಸರ್ಕಾರ ಹೇಳಿದ ಮೇಲೆ ನಾನು ಗಂಡಸೇ," ಅಂದಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಮಲಯಾಳಿಗಳು ಚೇಚಿ ಅನ್ನುತ್ತಿದ್ದರು, ಈಜಿಪ್ಟಿನ ಮುಖ್ಯ ಎಂಜಿನಿಯರು ಮದಾಮ್ ಅನ್ನುತ್ತಿದ್ದ, ನಾನು ಅಕ್ಕಾರ. ಹೆಸರು ಇಲ್ಲಿ ಬರೆಯುವುದಿಲ್ಲ. ಡ್ರಾಯಿಂಗಿನ ಮೂಲೆಯಲ್ಲಿ 'ಎಳೆದವರು' ಎಂಬ ಚೌಕದಲ್ಲಿ ಕೂಡ ಅವರು ಎರಡೇ ಅಕ್ಷರ ಹಾಕುತ್ತಿದ್ದರು, ಅದೂ ಸಣ್ಣದಾಗಿ.

ಹೋದ ಮಳೆಗಾಲದಲ್ಲಿ ಅವರು ಊರಿನಲ್ಲಿ ತೀರಿಕೊಂಡರು. ಅಂದಿನಿಂದ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೇನೆ.

ಅವರ ಗಂಡ ಸಾಲ್ಮಿಯಾದ ಒಂದು ಹೋಟೆಲಿನ ರಿಸೆಪ್ಷನ್‌ನಲ್ಲಿದ್ದರು. ಮೆಲುದನಿಯ ಮನುಷ್ಯ, ಅಡುಗೆಯಲ್ಲಿ ಎತ್ತಿದ ಕೈ. ಡಬ್ಬಿ ಕಟ್ಟಿ ಕೊಡುತ್ತಿದ್ದವರು ಅವರೇ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಮೀನಿನ ಪುಳಿಮುಂಚಿಯ ವಾಸನೆ ಮಹಡಿಯಿಡೀ ಹರಡುತ್ತಿತ್ತು. ನಾನು ಮೀನು ತಿನ್ನದವನು. ಅದಕ್ಕೇ ನನಗೆಂದು ಬೇರೆ ಒಂದು ಸಣ್ಣ ಡಬ್ಬಿಯಲ್ಲಿ ಪಲ್ಯ ಬರುತ್ತಿತ್ತು. "ನಾನು ಮಾಡಿದ್ದಲ್ಲ, ಧೈರ್ಯವಾಗಿ ತಿನ್ನಿ," ಎಂದು ಮುಂದೆ ತಳ್ಳುತ್ತಿದ್ದರು.

ನಮ್ಮ ಕೆಲಸದ ಹೆಚ್ಚಿನ ಪಾಲು ವಿಲ್ಲಾಗಳದ್ದು. ಕುವೈತಿನಲ್ಲಿ ಮನೆ ಹಳೆಯದಾಗಲು ಬಹಳ ಕಾಲ ಬೇಕಿಲ್ಲ. ಅಪ್ಪ ಕಟ್ಟಿಸಿದ್ದನ್ನು ಮಗ ಕೆಡವಿಸುತ್ತಾನೆ. ಅಕ್ಕಾರು ಹೊಸಬರಾಗಿದ್ದಾಗ ಎಳೆದ ಒಂದು ಮನೆಯನ್ನೇ ಕೆಡವಿ ಅಲ್ಲಿ ಬೇರೆ ಮನೆ ಎಳೆಯುವ ಕೆಲಸ ಅವರ ಮೇಜಿಗೇ ಬಂದಿತ್ತು. "ಖಲಾಸ್, ಮದಾಮ್, ಹಳೆಯದನ್ನು ಮರೆತುಬಿಡಿ," ಎಂದ ಮಾಲೀಕ. ಇವರು ನಗುತ್ತಲೇ ತಲೆಯಾಡಿಸಿದರು. ಆತ ಹೋದ ಮೇಲೆ, "ಅವನ ಅಮ್ಮ ಆ ಅಡುಗೆಮನೆ ಕಿಟಕಿಗಾಗಿ ನನ್ನ ಹತ್ತಿರ ಮೂರು ಸಲ ಬಂದು ಕೂತಿದ್ರು, ಪಾಪ," ಅಂದರು. ಆಮೇಲೆ ಹೊಸ ಮನೆಯನ್ನು ಶ್ರದ್ಧೆಯಿಂದಲೇ ಎಳೆದರು. ಹೊಸದರ ಮೇಲೆ ಅವರಿಗೆ ಹಗೆಯಿರಲಿಲ್ಲ.

ಬಿಡುವಿದ್ದಾಗ ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಅವರು ಒಂದೇ ಕಟ್ಟಡವನ್ನು ಬಿಡಿಬಿಡಿಯಾಗಿ ಬರೆಯುತ್ತಿದ್ದರು. ಒಂದು ದಿನ ಕಮಾನಿನ ಕಿಟಕಿ, ಇನ್ನೊಂದು ದಿನ ಗೋಡೆಗೆ ಒರಗಿಸಿದಂಥ ದಪ್ಪ ಆಸರೆಗಂಬ, ಮತ್ತೊಂದು ದಿನ ಗಂಟೆ ಗೋಪುರ. ಅದು ಅವರ ಊರಿನ ಚರ್ಚು. ಅವರ ಸಭೆಯವರು ಅದನ್ನು ದೇವಾಲಯ ಅನ್ನುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಡಗು ಹತ್ತಿ ಬಂದ ಪಾದ್ರಿಯೊಬ್ಬ ಕಟ್ಟಿಸಿದ್ದು. ಹಳ್ಳಿಗೆ ತಕ್ಕ ಸಣ್ಣ ಕಟ್ಟಡ. ಮುರಕಲ್ಲಿನ ಗೋಡೆ, ಕಡಿದಾದ ಹಂಚಿನ ಮಾಡು, ತುದಿ ಚೂಪಾದ ಕಮಾನುಗಳು. ಪಾದ್ರಿಯ ದೇಶದ ಹಳ್ಳಿಯ ಚರ್ಚುಗಳೆಲ್ಲ ಹೀಗೇ ಇರುತ್ತವಂತೆ. ಪಾದ್ರಿ ತನ್ನೂರಿನದನ್ನು ನೆನಪಿನಿಂದ ನೆಲದ ಮೇಲೆ ಗೆರೆ ಕೊರೆದು ತೋರಿಸಿದ, ನಮ್ಮ ಕಲ್ಲಿನವರು ಕಟ್ಟಿದರು.

"ಬಡಗಣ ಗೋಡೆಯ ಒಂದು ಕಿಟಕಿ ಮಾತ್ರ ದುಂಡು ಕಮಾನಿನದು," ಎಂದು ಅವರು ಹೇಳಿದ್ದು ನೆನಪಿದೆ. "ಪಾದ್ರಿ ಜ್ವರ ಬಂದು ಮಲಗಿದ್ದಾಗ ಮೇಸ್ತ್ರಿ ತನಗೆ ಗೊತ್ತಿದ್ದ ಹಾಗೆ ಕಟ್ಟಿಬಿಟ್ಟನಂತೆ. ಪಾದ್ರಿ ಎದ್ದು ಬಂದು ನೋಡಿದ. ಇರಲಿ ಅಂದನಂತೆ."

"ಖರೇ ಏನ್ರಿ ಇದು?"

"ಯಾರಿಗೆ ಗೊತ್ತು ಮಾರಾಯ್ರೆ. ನಮ್ಮ ಅಜ್ಜನ ಅಜ್ಜ ಅದಕ್ಕೆ ಕಲ್ಲು ಹೊತ್ತದ್ದು ಅಂತಲೂ ಹೇಳ್ತಾರೆ. ಊರಲ್ಲಿ ಯಾರನ್ನು ಕೇಳಿದರೂ ಅವರವರ ಅಜ್ಜ ಕಲ್ಲು ಹೊತ್ತಿದ್ದಾರೆ. ಅಷ್ಟು ಜನ ಹೊತ್ತಿದ್ದರೆ ಅದು ಗುಡ್ಡದಷ್ಟು ದೊಡ್ಡದಾಗಬೇಕಿತ್ತು."

ಹೀಗೆ ನಗುತ್ತ ಹೇಳಿದರೂ ಇನ್ನೊಂದು ಮಾತನ್ನು ಅವರು ನಗದೆ ಹೇಳಿದ್ದರು. ಆ ಕಾಲದಲ್ಲಿ ಕ್ರೈಸ್ತರಾಗಿ ಸಭೆಗೆ ಸೇರಿದವರನ್ನು ಮನೆಯವರು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ. ಎಷ್ಟೋ ಮಂದಿ ಮೊದಲ ಮಳೆಗಾಲವನ್ನು ಆ ಅರೆಗಟ್ಟಿದ ಗೋಡೆಗಳ ಮಗ್ಗುಲಲ್ಲೇ ಕಳೆದರಂತೆ. "ಅವರಿಗೆ ಅದೇ ಮನೆ. ಮಾಡು ಆಮೇಲೆ ಬಂತು."

ಆ ಊರಿನವರು ಕುವೈತಿನಲ್ಲಿ ಬಹಳ ಮಂದಿ ಇದ್ದಾರೆ. ಅವರ ಭಾನುವಾರ ಇಲ್ಲಿ ಶುಕ್ರವಾರಕ್ಕೆ ಬರುತ್ತದೆ. ನಗರದ ಒಂದು ಚರ್ಚಿನ ಆವರಣದಲ್ಲಿ ಕೋಣೆಯೊಂದು ಗಂಟೆ ಲೆಕ್ಕದಲ್ಲಿ ಸಿಗುತ್ತದೆ. ತಮಿಳಿನವರು ಎದ್ದು ಹೋಗುತ್ತಿದ್ದಂತೆ ಕನ್ನಡದವರು ಕುರ್ಚಿ ತಿರುಗಿಸಿ ಕೂರುತ್ತಾರೆ. ಅಲ್ಲಿ ಎಲ್ಲರಿಗೂ ಹಿರಿಯಣ್ಣನಂತಿದ್ದವರು ಶುವೈಖಿನಲ್ಲಿ ಗ್ಯಾರೇಜು ನಡೆಸುವ ಒಬ್ಬರು. ಅಕ್ಕಾರ ಊರಿನವರೇ, ಒಂದೇ ಶಾಲೆಯಲ್ಲಿ ಕಲಿತವರು. ಇವರು ಅಣ್ಣ ಅಂದರೆ ಅವರು ತಂಗಿ ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಅವರು ಗ್ರೀಸು ಒರೆಸಿದ ಕೈಯಲ್ಲೇ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಊರಿನ ಸಭೆಯವರು ಹಳೆಯ ದೇವಾಲಯ ಕೆಡವಿ ದೊಡ್ಡದೊಂದು ಹೊಸದನ್ನು ಕಟ್ಟಬೇಕೆಂದು ಯೋಚಿಸಿದ್ದಾರೆ, ಕುವೈತಿನವರು ಮುಂದೆ ನಿಲ್ಲಬೇಕು, ಹೊಸದರ ನಕ್ಷೆ ತಂಗಿಯೇ ಎಳೆಯಬೇಕು ಎಂದರು.

"ನಿನ್ನ ಕೈಯಿಂದಲೇ ಆಗಲಿ ಅಂತ ಎಲ್ಲರಿಗೂ ಆಸೆ," ಅಂದರು. ಪ್ರೀತಿಯಿಂದಲೇ ಅಂದರು.

ಅಕ್ಕಾರು ಕೈಯಲ್ಲಿದ್ದ ಪೆನ್ಸಿಲು ಕೆಳಗಿಟ್ಟರು. ಆಮೇಲೆ, "ಹೊಸದು ಎಳೆಯುವ ಮೊದಲು ಹಳೆಯದನ್ನು ಅಳೆಯಬೇಕು ಅಣ್ಣ. ಅಳೆದು ಹೇಳ್ತೇನೆ," ಎಂದರು. ಅವರು ಮೆಟ್ಟಿಲಿಳಿದು ಹೋದ ಮೇಲೆ ನನ್ನ ಕಡೆ ತಿರುಗಿ, "ಕ್ರಿಸ್‌ಮಸ್ ರಜೆಗೆ ನೀವು ಊರಿಗೆ ಹೋಗುವವರಲ್ಲವಾ? ನಮ್ಮಲ್ಲಿಗೆ ಎರಡು ದಿನ ಬನ್ನಿ. ಅದು ನಿಲ್ಲುತ್ತದಾ ಇಲ್ಲವಾ ನೋಡಿ ಹೇಳಿ," ಅಂದರು.

ಹೋದೆವು. ನನ್ನ ಹೆಂಡತಿ ಮಗಳು ಕೂಡ ಬಂದರು. ಗದ್ದೆ ಬಯಲಿನಾಚೆ ಸಣ್ಣ ದಿಬ್ಬದ ಮೇಲಿತ್ತು ಕಟ್ಟಡ. ನಾನು ಚಿತ್ರಗಳಲ್ಲಿ ಅಂದುಕೊಂಡಿದ್ದಕ್ಕಿಂತ ಚಿಕ್ಕದು, ಚಿತ್ರಗಳಿಗಿಂತ ಚಂದ. ಒಳಗೆ ಹೊಕ್ಕರೆ ಸೆಕೆಯೇ ಇಲ್ಲ. ಕಿಟಕಿಯ ಬೆಳಕು ಬೆಂಚುಗಳ ಮೇಲೆ ಉದ್ದಕ್ಕೆ ಬಿದ್ದಿತ್ತು. ಅಕ್ಕಾರು ಅಳತೆಪಟ್ಟಿಯ ಒಂದು ತುದಿ ನನ್ನ ಮಗಳ ಕೈಗೆ ಕೊಟ್ಟು ಗೋಡೆಯಿಂದ ಗೋಡೆಗೆ ಓಡಾಡಿದರು. ನಾನು ಏಣಿ ಹತ್ತಿದೆ. ಮಾಡಿನ ಮರ ಗಟ್ಟಿಯಾಗಿತ್ತು. ಗೋಡೆಯೊಳಗೆ ಕೂತ ತುದಿಗಳು ಮಾತ್ರ ಕೆಲವು ಕಡೆ ಒದ್ದೆಯಿಂದ ಮೆದುವಾಗಿದ್ದವು. ಗೋಡೆಗಳು ನೇರವಾಗಿದ್ದವು. ಯಾವ ಕಾಲದಲ್ಲೋ ಸಿಮೆಂಟ್ ಮೆತ್ತಿದ್ದರು. ಅದನ್ನು ಕಿತ್ತು ಮೊದಲಿನಂತೆ ಸುಣ್ಣದ ಗಾರೆ ಹಾಕಿದರೆ ನೀರು ಆರಿ ಕಲ್ಲು ಬದುಕುತ್ತಿತ್ತು. ಅಷ್ಟನ್ನೂ ಕೆಳಗೆ ನಿಂತವರಿಗೆ ಕೂಗಿ ಹೇಳುತ್ತಿದ್ದೆ. ಅವರ ಮುಖ ಅರಳುತ್ತಿತ್ತು.

ಗೋಪುರದ ಹತ್ತಿರ ಬಂದಾಗ ನಾನು ಏಣಿಯಿಂದ ಇಳಿದೆ. ಗೋಪುರಕ್ಕೂ ಉಳಿದ ಕಟ್ಟಡಕ್ಕೂ ನಡುವೆ ಬಿರುಕು ಬಿಟ್ಟಿತ್ತು. ಕೆಳಗೆ ಬೆರಳು ಹೋಗುವಷ್ಟು, ಮೇಲೆ ಕೈಯೇ ಹೋಗುವಷ್ಟು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟೆವು. ಗೋಪುರ ಮುಂದಕ್ಕೆ ವಾಲಿತ್ತು. ಕಾರಣ ಕಣ್ಣಿಗೇ ಕಾಣುತ್ತಿತ್ತು. ಮುಂಭಾಗಕ್ಕೆ ಒಂದು ಕಾಂಕ್ರೀಟಿನ ಪೋರ್ಟಿಕೊ ಸೇರಿಸಿದ್ದರು. ಅದರ ಸ್ಲ್ಯಾಬನ್ನು ಗೋಪುರದ ಗೋಡೆ ಕೊರೆದು ಒಳಗೆ ಕೂರಿಸಿದ್ದರು. ಹೊರಗಿನ ಎರಡು ಕಂಬಗಳು ಮಣ್ಣು ತುಂಬಿಸಿದ ಜಾಗದ ಮೇಲೆ ನಿಂತಿದ್ದವು. ಮಣ್ಣು ಕುಸಿದಂತೆ ಕಂಬ ಇಳಿದಿತ್ತು, ಸ್ಲ್ಯಾಬು ತನ್ನ ಜೊತೆ ಗೋಪುರವನ್ನೂ ಎಳೆದಿತ್ತು.

"ಈ ಪೋರ್ಟಿಕೊ ಯಾರ್ ಕಟ್ಟಿಸ್ಯಾರ್ರಿ?" ಎಂದು ಕೇಳಿದೆ.

"ಕುವೈತಿನವರು," ಅಂದರು ಅಕ್ಕಾರು. ಆಮೇಲೆ, "ಡ್ರಾಯಿಂಗ್ ನನ್ನದು. ಕುವೈತಿಗೆ ಹೋದ ಹೊಸತರಲ್ಲಿ. ಮದುವೆ ಕಾರುಗಳು ಒಳಗೆ ಬಂದು ನಿಲ್ಲಲಿ ಅಂತ," ಎಂದರು.

ನಾನು ದಾರ ಸುತ್ತಿಕೊಂಡೆ. ಅವರೇ ಕೇಳಿದರು: "ಗೋಪುರ ಉಳಿಸಲಿಕ್ಕೆ ಆಗ್ತದಾ?"

"ಆಗಂಗಿಲ್ರಿ ಅಕ್ಕಾರ. ಉಳಿದದ್ದೆಲ್ಲಾ ಉಳಿಸಬಹುದು. ಇದು ಮಾತ್ರ ಇಳಿಸಬೇಕು. ಮಕ್ಕಳು ಇದರ ಬುಡದಾಗ ಆಡಾಕತ್ತಾರ."

ಉಕ್ಕಿನ ಪಟ್ಟಿ ಹಾಕಿ ಬಿಗಿದರೆ ಹೇಗೆ, ಕೆಳಗೆ ಕಾಂಕ್ರೀಟು ತುಂಬಿದರೆ ಹೇಗೆ ಎಂದು ಒಂದೊಂದಾಗಿ ಕೇಳಿದರು. ಒಂದೊಂದಕ್ಕೂ ಯಾಕೆ ಆಗುವುದಿಲ್ಲ ಎಂದು ಹೇಳಿದೆ. ಕೊನೆಗೆ ಅವರಿಗೆ ಸಿಟ್ಟು ಬಂತು. "ನೀವು ಲೆಕ್ಕದವರು. ಲೆಕ್ಕಕ್ಕೆ ಧೈರ್ಯ ಕಡಿಮೆ," ಅಂದುಬಿಟ್ಟರು. ಆ ಸಂಜೆ ಅವರ ಮನೆಯಲ್ಲಿ ಗಂಡನೇ ನಮಗೆ ಬಡಿಸಿದರು, ಗಂಡನೇ ಮಾತಾಡಿದರು.

ರಜೆ ಮುಗಿಸಿ ಶುವೈಖಿಗೆ ಮರಳಿದ ಮೇಲೂ ಅವರು ನನ್ನೊಂದಿಗೆ ಕೆಲಸದ ಮಾತಷ್ಟೇ ಆಡುತ್ತಿದ್ದರು. ಪಲ್ಯದ ಡಬ್ಬಿ ಬರುತ್ತಿತ್ತು. ಅದರ ಜೊತೆ ಬರುತ್ತಿದ್ದ ಮಾತು ಮಾತ್ರ ನಿಂತಿತ್ತು. ಆ ದಿನಗಳಲ್ಲಿ ಒಮ್ಮೆ ದೂಳಿನ ಬಿರುಗಾಳಿ ಎದ್ದು ಕಿಟಕಿಯೆಲ್ಲ ಕೆಂಪಗಾಗಿ ಎಲ್ಲರೂ ಬೇಗ ಮನೆಗೆ ಹೊರಟರು. ಅವರು ಏಳಲಿಲ್ಲ. ನಾನೂ ಉಳಿದೆ. ಸ್ವಲ್ಪ ಹೊತ್ತಿಗೆ ಎದ್ದು ಬಂದು ನನ್ನ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿದರು. ಇಡೀ ದೇವಾಲಯ ಅದರಲ್ಲಿತ್ತು. ಬೆಂಚು, ಪ್ರಸಂಗ ಪೀಠ, ಜ್ಞಾನಸ್ನಾನದ ತೊಟ್ಟಿ, ಆ ದುಂಡು ಕಿಟಕಿ, ಒಂದೂ ತಪ್ಪಿರಲಿಲ್ಲ. ನಮ್ಮ ಕಸುಬಿನಲ್ಲಿ ಇರುವ ಗೋಡೆಯನ್ನು ತುಂಬುಗೆರೆಯಲ್ಲಿ ತೋರಿಸುತ್ತೇವೆ, ಕೆಡವಬೇಕಾದ್ದನ್ನು ತುಂಡುತುಂಡು ಗೆರೆಯಲ್ಲಿ. ಪೋರ್ಟಿಕೊ ತುಂಡುಗೆರೆಯಲ್ಲಿತ್ತು. ಗೋಪುರವೂ ತುಂಡುಗೆರೆಯಲ್ಲಿತ್ತು.

"ಸರಿ ಉಂಟಾ ನೋಡಿ," ಅಂದರು.

"ಸರಿ ಐತ್ರಿ."

"ಶುಕ್ರವಾರ ಬನ್ನಿ. ನಾನು ಹೇಳಿದರೆ ಆಸೆಯಿಂದ ಹೇಳ್ತಾಳೆ ಅಂತಾರೆ. ನೀವು ಪಕ್ಕದಲ್ಲಿರಬೇಕು."

ಅವತ್ತು ಆರಾಧನೆ ಮುಗಿದ ಮೇಲೆ ಯಾರೂ ಏಳಲಿಲ್ಲ. ಮುಂದಿನ ಮೇಜಿನ ಮೇಲೆ ಹಾಳೆ ಹರಡಿ ಅವರು ಉಳಿಸಬಹುದಾದ್ದನ್ನೂ ಉಳಿಸಲಾಗದ್ದನ್ನೂ ಹೇಳಿದರು. ಹಳೆಯದರ ಪಕ್ಕದ ಖಾಲಿ ಜಾಗದಲ್ಲಿ ಒಂದು ಹಾಲು, ದೊಡ್ಡ ಸಭಾಂಗಣ, ಕಟ್ಟಿಕೊಳ್ಳಬಹುದು ಎಂದು ಅದನ್ನೂ ಎಳೆದು ತಂದಿದ್ದರು. ನಾನು ಕಲ್ಲಿನ ಬಗ್ಗೆ, ಮರದ ಬಗ್ಗೆ ಕೇಳಿದ್ದಕ್ಕೆ ಉತ್ತರ ಕೊಟ್ಟೆ.

ಗ್ಯಾರೇಜಿನವರು ಎದ್ದು ನಿಂತರು. "ತಂಗೀ, ನಿನಗೆ ಅದು ಚಂದ ಕಾಣ್ತದೆ. ನನಗೂ ಕಾಣ್ತದೆ. ಆದರೆ ಹೋದ ಮಳೆಗೆ ನನ್ನ ಅಮ್ಮ ಕೂತ ಬೆಂಚಿನ ಪಕ್ಕದಲ್ಲಿ ಹಂಚು ಬಿತ್ತು. ಒಂದು ಮೊಳ ಈಚೆ ಬಿದ್ದಿದ್ದರೆ ಅಮ್ಮ ಇರ್ತಿರಲಿಲ್ಲ. ನಾವು ಇಲ್ಲಿ ಎಸಿಯಲ್ಲಿ ಕೂತು ಹಳೆಯದು ಇರಲಿ ಅನ್ನಬಹುದು. ಅದರ ಒಳಗೆ ಕೂರುವವರು ಅವರು."

ಕೋಣೆಯಲ್ಲಿ ಹಲವರು ತಲೆಯಾಡಿಸಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಅಕ್ಕಾರು ಹಾಳೆಯ ಮೇಲೆ ಕೈಯಿಟ್ಟುಕೊಂಡು, "ಅಣ್ಣ ಹೇಳಿದ್ದು ಸರಿ," ಅಂದರು. "ಹಂಚು ಬೀಳುವುದಕ್ಕೆ ಕಾರಣ ಮಾಡು ಹಳೆಯದಾದದ್ದಲ್ಲ. ಗೋಪುರ ವಾಲಿದ ಮೇಲೆ ಅದರ ಬದಿಯ ಹಂಚುಗಳು ಸಡಿಲ ಆಗಿವೆ. ಗೋಪುರ ವಾಲಿದ್ದು ಪೋರ್ಟಿಕೊದಿಂದ. ಆ ಪೋರ್ಟಿಕೊ ಎಳೆದವಳು ನಾನು. ಮಣ್ಣು ನೋಡದೆ ಎಳೆದೆ. ಆಗ ಯಾರನ್ನೂ ಕೇಳಲಿಲ್ಲ, ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಇನ್ನೂರು ವರ್ಷ ಬಾಳುವುದನ್ನು ನಾನು ಇಷ್ಟರಲ್ಲೇ ಹಾಳು ಮಾಡಿದೆ. ಈಗ ಪೂರ್ತಿ ಕೆಡವಿ ಅಂತ ನನ್ನ ಕೈಯಿಂದಲೇ ಎಳೆಸಬೇಡಿ."

ಅವರ ದನಿ ಏರಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವರ ಗಂಡ ನೆಲ ನೋಡುತ್ತಿದ್ದರು. ಗ್ಯಾರೇಜಿನವರು ಮೇಜಿನ ಹತ್ತಿರ ಬಂದು ಬಗ್ಗಿ ಪೋರ್ಟಿಕೊದ ತುಂಡುಗೆರೆಗಳನ್ನು ಬಹಳ ಹೊತ್ತು ನೋಡಿದರು.

"ನೀನು ಎಳೆದೆ. ಚಂದ ಉಂಟು, ಕಟ್ಟಿ ಅಂತ ಹೇಳಿದ್ದು ನಾವೆಲ್ಲರೂ. ನಿನ್ನೊಬ್ಬಳ ತಲೆಗೆ ಯಾಕೆ ಹಾಕಿಕೊಳ್ತಿ?" ಅಂದರು.

ಅವರು ಮೇಜಿನ ಹತ್ತಿರ ಬಂದದ್ದು ಕಂಡು ಇನ್ನಿಬ್ಬರು ಬಂದರು. ಮಹಬೂಲಾದಿಂದ ಬಸ್ಸಿನಲ್ಲಿ ಬಂದಿದ್ದ ಹುಡುಗರ ಗುಂಪು ಬಂತು. ಒಬ್ಬ ತನ್ನ ಬೆಂಚು ಹುಡುಕಿ ಬೆರಳಿಟ್ಟ, ಹೆಂಗಸೊಬ್ಬಳು ಹಾಡುವವರು ನಿಲ್ಲುವ ಜಾಗ ತೋರಿಸಿದಳು. ಇಲ್ಲಿ ನನ್ನ ಮದುವೆಯಾದದ್ದು, ಇಲ್ಲಿ ಅಪ್ಪ ನಿದ್ದೆ ಹೋಗಿ ಗೊರಕೆ ಹೊಡೆದದ್ದು ಎಂದು ತುಳುವಿನಲ್ಲಿ ನಗು ಶುರುವಾಯಿತು. ಅಕ್ಕಾರು ಯಾರನ್ನೂ ಒಪ್ಪಿಸಲು ಹೋಗಲಿಲ್ಲ. ಹಾಳೆ ಮುದುರದಂತೆ ಅಂಚು ಹಿಡಿದುಕೊಂಡು ನಿಂತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ತೆಲುಗಿನವರು ತಮ್ಮ ಸರದಿಗೆ ಕಾಯುತ್ತಿರುವುದು ಕಂಡಿತು. ಗ್ಯಾರೇಜಿನವರು ಕೈ ತಟ್ಟಿ, "ಹಳೆಯದು ರಿಪೇರಿ, ಪಕ್ಕದಲ್ಲಿ ಹಾಲು. ಬೇಡ ಅನ್ನುವವರು ಹೇಳಿ," ಎಂದರು. ಯಾರೂ ಹೇಳಲಿಲ್ಲ. "ಯಲ್ಲಾ, ಕುರ್ಚಿ ಬಿಡಿ," ಅಂದರು.

ಊರಿನ ಸಭೆಯವರನ್ನು ಒಪ್ಪಿಸಲು ಆಮೇಲೆ ಬೇಕಾದಷ್ಟು ಕಾಲ ಹಿಡಿಯಿತು. ಆ ಫೋನುಗಳನ್ನೆಲ್ಲ ಮಾಡಿದವರು ಗ್ಯಾರೇಜಿನವರೇ. ಗೋಪುರವನ್ನು ಮೇಲಿನಿಂದ ಒಂದೊಂದೇ ಕಲ್ಲಾಗಿ ಇಳಿಸಿದರು. ಆ ಕಲ್ಲುಗಳಲ್ಲೇ ಬಿರುಕು ಬಿಟ್ಟ ಗೋಡೆ ಕಟ್ಟಿ ಮುಚ್ಚಿದರು. ಗಂಟೆಯನ್ನು ಅಂಗಳದಲ್ಲಿ ಎರಡು ಕಂಬ ನೆಟ್ಟು ತೂಗುಹಾಕಿದರು. ಗೋಪುರ ಇಳಿಸುವ ವಿಡಿಯೋ ಬಂದ ದಿನ ಅಕ್ಕಾರು ಅದನ್ನು ತೆರೆಯದೆ ನನಗೆ ಕೊಟ್ಟು, "ನೀವು ನೋಡಿ. ಸರಿಯಾಗಿ ಇಳಿಸ್ತಾರಾ ಅಂತ ಮಾತ್ರ ಹೇಳಿ," ಅಂದರು. ಸರಿಯಾಗಿ ಇಳಿಸುತ್ತಿದ್ದಾರೆ ಎಂದೆ. "ಆಯ್ತು," ಎಂದು ಕೆಲಸಕ್ಕೆ ತಿರುಗಿದರು.

ರಿಪೇರಿಯಾದ ಮೇಲಿನ ಮೊದಲ ಆರಾಧನೆಗೆ ಅವರು ರಜೆ ಹಾಕಿ ಹೋದರು. ಮರಳಿ ಬಂದಾಗ ಎಲ್ಲರಿಗಿಂತ ಮೊದಲು ನಾನೇ ಕೇಳಿದೆ, ಹೇಗಿತ್ತು ಎಂದು.

"ಸೋರಿತು ಮಾರಾಯ್ರೆ," ಅಂದರು. "ಪಾದ್ರಿ ಅಯ್ಯನವರು ಪ್ರಸಂಗಕ್ಕೆ ನಿಂತದ್ದೇ ತಡ, ಒಂದು ಮೂಲೆಯಲ್ಲಿ ಟಪ್ ಟಪ್ ಅಂತ ಶುರುವಾಯಿತು. ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ನಾನು ಬೈಬಲ್ ನೋಡಿದೆ." ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುದಿನವೇ ಆ ಹಂಚು ಸರಿಪಡಿಸಿದರಂತೆ.

ಅರವತ್ತು ದಾಟಿದ, ಡಿಗ್ರಿಯಿಲ್ಲದವರ ಇಕಾಮಾ ನವೀಕರಣ ಇಲ್ಲಿ ಕಷ್ಟ. ಅವರ ಸರದಿ ಬಂದಾಗ ವೀಸಾ ಕೊಟ್ಟ ಕಫೀಲ್ ಒಂದು ಸಲ ಹೇಗೋ ಮಾಡಿಸಿಕೊಟ್ಟ. ಇನ್ನೊಂದು ಸಲಕ್ಕೆ ಅವರೇ ಬೇಡ ಅಂದರು. ಆಗಲೇ ಅವರಿಗೆ ಬೇಗ ದಣಿವಾಗುತ್ತಿತ್ತು. ಮೆಟ್ಟಿಲ ಮಧ್ಯೆ ನಿಂತು, ಗೋಡೆ ನೋಡುತ್ತಿರುವವರಂತೆ ಸುಧಾರಿಸಿಕೊಳ್ಳುತ್ತಿದ್ದರು. ಬೀಳ್ಕೊಡುವ ದಿನ ಈಜಿಪ್ಟಿನವನು ಭಾಷಣ ಮಾಡಿದ. ಇವರು ನಕ್ಷೆ ಮುದ್ರಿಸುವ ಪ್ಲಾಟರಿನ ಹತ್ತಿರ ನಿಂತು ಕರಕ್ ಚಹಾ ಕುಡಿದರು, ಎಲ್ಲರ ಕೈ ಕುಲುಕಿದರು. ನನ್ನ ಹತ್ತಿರ ಬಂದಾಗ, "ಆವತ್ತು ಧೈರ್ಯ ಕಡಿಮೆ ಅಂದೆನಲ್ಲ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ," ಅಂದರು. ನಾನು ಇಟ್ಟುಕೊಂಡಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಊರಲ್ಲಿ ಅವರು ಎರಡು ಮಳೆಗಾಲ ಕಂಡರು. ಹೃದಯದ ತೊಂದರೆ ಎಂದು ಗಂಡ ಫೋನಿನಲ್ಲಿ ಹೇಳುತ್ತಿದ್ದರು. ಮೂರನೆಯದು ಹಿಡಿದ ಹೊಸತರಲ್ಲಿ, ಬೆಳಿಗ್ಗೆ ಕುರ್ಚಿಯಲ್ಲಿ ಕೂತವರು ಹಾಗೇ ಹೋದರಂತೆ. ಅಂತ್ಯಕ್ರಿಯೆಯನ್ನು ಯಾರೋ ಫೋನಿನಲ್ಲಿ ನೇರವಾಗಿ ತೋರಿಸಿದರು. ನಾನು ಆಫೀಸಿನಲ್ಲೇ ನೋಡಿದೆ. ನೋಡಿದೆ ಅನ್ನುವುದೂ ತಪ್ಪು. ಫೋನು ಹಿಡಿದವನು ಹೊರಗೆ ನಿಂತಿದ್ದ. ಸುರಿಯುವ ಮಳೆ, ಗಂಡಸರ ಬೆನ್ನುಗಳು, ಒಳಗಿಂದ ಹೆಂಗಸರು ಹಾಡುವ ಸದ್ದು, ಅಷ್ಟೇ. ಪಕ್ಕದಲ್ಲಿ ಹಾಲು ಬಾಗಿಲು ಮುಚ್ಚಿಕೊಂಡು ನಿಂತದ್ದೂ ಒಂದು ಕ್ಷಣ ಕಂಡಿತು. ಅಷ್ಟು ದೊಡ್ಡ ಹಾಲು ಇರುವಾಗ ಇವರೆಲ್ಲ ಯಾಕೆ ಹೊರಗೆ ನೆನೆಯುತ್ತಿದ್ದಾರೆ ಎಂದು ನನಗೆ ಅರ್ಥವಾಗಲಿಲ್ಲ.

ಗ್ಯಾರೇಜಿನವರು ಅದಕ್ಕೆಂದೇ ಊರಿಗೆ ಹೋಗಿದ್ದರು. ಮರಳಿ ಬಂದ ಮೇಲೆ ಅವರ ಗ್ಯಾರೇಜಿಗೆ ಹೋಗಿ ಕೇಳಿದೆ. ಆ ಸೆಕೆಯಲ್ಲೂ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬಾನೆಟ್ಟು ತೆರೆದ ಕಾರಿನ ಪಕ್ಕದಲ್ಲಿ ಕೂತಿದ್ದರು.

"ಅಯ್ಯನವರು ಆರಾಧನೆ ಹಾಲಿನಲ್ಲಿ ಇಡುವ ಅಂದರು. ಜನ ಬಹಳ, ಮಳೆ ಬೇರೆ. ಅವರು ಹೇಳಿದ್ದು ಸರಿಯೇ," ಅಂದರು. "ನಾನೇ ಬೇಡ ಅಂದೆ. ಅವಳನ್ನು ಹಾಲಿಗೆ ಹೇಗೆ ಕೊಂಡುಹೋಗುವುದು? ಹೆಂಗಸರು, ಮುದುಕರು ಒಳಗೆ ಕೂರಲಿ, ನಾವು ಗಂಡಸರು ಹೊರಗೆ ನಿಲ್ಲುವ ಅಂದೆ. ಎಲ್ಲರೂ ನಿಂತರು. ಒಬ್ಬನೂ ಮನೆಗೆ ಹೋಗಲಿಲ್ಲ."

"ತೋಯ್ಸಿಕೊಂಡ್ರೇನ್ರಿ ಅಷ್ಟೊತ್ತು?"

"ಮಳೆಯಲ್ಲಿ ನಿಂತರೆ ಎಂತ ಆಗ್ತದೆ? ಜ್ವರ ಬರ್ತದೆ," ಅಂದರು. "ಬಂತು. ಈಗ ಕಡಿಮೆ ಉಂಟು."